ಜಂಗಮವಾಣಿ – ವರವೋ? ಶಾಪವೋ?

ಮೊಬೈಲ್ ಫೋನಿಗೆ ನಮ್ಮ ಕನ್ನಡದಲ್ಲಿ ಹಲವು ಹೆಸರುಗಳಿವೆ. ಪತ್ರಿಕೆಗಳು ಅದನ್ನು 'ಸಂಚಾರಿ ದೂರವಾಣಿ' ಎಂದು ಕರೆದವು. ಇನ್ನು ಕೆಲವರು 'ಜಂಗಮವಾಣಿ' ಎಂದರು. ಮನೆಯ ಮೂಲೆಯಲ್ಲಿ ತಂತಿಗೆ ಕಟ್ಟುಬಿದ್ದು ಕುಳಿತ ಫೋನು 'ಸ್ಥಿರವಾಣಿ'. ನಮ್ಮೊಡನೆ ಊರೂರು ಅಲೆಯುವ ಫೋನು ಜಂಗಮವಾಣಿ! ಕೊನೆಗೆ ಎಲ್ಲರ ಬಾಯಲ್ಲಿ ಉಳಿದದ್ದು 'ಮೊಬೈಲು' ಎಂಬ ಪದವೇ ಆದರೂ ಈ ಕನ್ನಡ ಹೆಸರುಗಳಲ್ಲಿ ಒಂದು ವಿಶೇಷವಿದೆ. ಎಲ್ಲದರ ಕೊನೆಯಲ್ಲೂ 'ವಾಣಿ' ಇದೆ. ವಾಣಿ ಎಂದರೆ ಮಾತು. ಹೆಸರಿಟ್ಟವರ ಮನಸ್ಸಿನಲ್ಲಿ ಇದು ಮಾತನಾಡುವ ಯಂತ್ರವಾಗಿತ್ತೇ ಹೊರತು ನೋಡುವ ಯಂತ್ರವಾಗಲಿ, ಆಡುವ ಯಂತ್ರವಾಗಲಿ ಆಗಿರಲಿಲ್ಲ.

'ವಿಜ್ಞಾನ ವರವೋ ಶಾಪವೋ', 'ದೂರದರ್ಶನ ವರವೋ ಶಾಪವೋ' ಎಂದು ಪ್ರಬಂಧ ಬರೆಯುತ್ತಲೇ ನಮ್ಮ ತಲೆಮಾರು ಶಾಲೆ ಮುಗಿಸಿತು. ಅನುಕೂಲಗಳು ಐದು, ಅನಾನುಕೂಲಗಳು ಐದು, ಕೊನೆಗೆ 'ಎಲ್ಲವೂ ಬಳಸುವವರ ಕೈಯಲ್ಲಿದೆ' ಎಂಬ ಒಂದು ಸಾಲು. ಅಷ್ಟಕ್ಕೆ ಅಂಕ ಸಿಗುತ್ತಿತ್ತು. ಮೊಬೈಲಿನ ವಿಷಯದಲ್ಲಿ ಆ ಉತ್ತರ ಸಾಲದು. ಬಳಸುವವರ ಕೈಯಲ್ಲಿದೆ ಎನ್ನುವುದೇನೋ ಸರಿ. ಆದರೆ ಆ ಕೈ ಯಾವುದನ್ನು ಒಳ್ಳೆಯ ಬಳಕೆ, ಯಾವುದನ್ನು ಕೆಟ್ಟ ಬಳಕೆ ಎಂದು ಅಳೆಯಬೇಕು? ಅಳತೆಗೋಲು ಆ ಹೆಸರಿನಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಮೊಬೈಲು ಎಲ್ಲಿ ಮನುಷ್ಯರ ನಡುವೆ ಮಾತನ್ನು ಬೆಳೆಸುತ್ತದೆಯೋ ಅಲ್ಲಿ ಅದು ವರ. ಎಲ್ಲಿ ಮಾತನ್ನು ಕಸಿದುಕೊಳ್ಳುತ್ತದೆಯೋ ಅಲ್ಲಿ ಶಾಪ. ಊರು ಬಿಟ್ಟು ಕೊಲ್ಲಿ ನಾಡಿಗೆ ಬಂದು ನೆಲೆಸಿರುವ ನಮಗೆ ಈ ಅಳತೆಗೋಲು ಬೇರೆಯವರಿಗಿಂತ ಹೆಚ್ಚು ಬೇಕು.

ಬೆಳೆದು ಬಂದ ದಾರಿ

ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಮೂಲಕ ಮಾತನ್ನು ಕಳುಹಿಸಿದ್ದು 1876ರಲ್ಲಿ. ತಂತಿಯ ಹಂಗಿಲ್ಲದೆ ಕೈಯಲ್ಲಿ ಹಿಡಿದು ಮಾತನಾಡುವ ಫೋನು ಬರಲು ಅಲ್ಲಿಂದ ಸುಮಾರು ನೂರು ವರ್ಷಗಳೇ ಬೇಕಾದವು. 1973ರ ಏಪ್ರಿಲ್ 3ರಂದು ಮೋಟೊರೋಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊದಲ ಕರೆ ಮಾಡಿದರು. ಕರೆ ಹೋದದ್ದು ಎದುರಾಳಿ ಸಂಸ್ಥೆಯ ಎಂಜಿನಿಯರಿಗೆ! ಆ ಫೋನಿನ ತೂಕ ಒಂದು ಕಿಲೋಗಿಂತ ಹೆಚ್ಚು. ಹತ್ತು ವರ್ಷಗಳ ನಂತರ, 1983ರಲ್ಲಿ, ಮಾರಾಟಕ್ಕೆ ಸಿದ್ಧವಾದ ಫೋನಿನ ಬೆಲೆ 3,995 ಡಾಲರ್. ಹತ್ತು ಗಂಟೆ ಚಾರ್ಜ್ ಮಾಡಿದರೆ ಅರ್ಧ ಗಂಟೆ ಮಾತನಾಡಬಹುದಿತ್ತು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆಗ ಮಾಡಿದ ಕರೆಗೂ ಹಣ, ಬಂದ ಕರೆಗೂ ಹಣ. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಮೊಬೈಲು ಶ್ರೀಮಂತರ ಜೇಬಿನಿಂದ ಇಳಿದು ತರಕಾರಿ ಮಾರುವವರ, ಆಟೋ ಓಡಿಸುವವರ, ಗಾರೆ ಕೆಲಸದವರ ಕೈಗೆ ಬಂತು. ಒಂದು ರಿಂಗ್ ಕೊಟ್ಟು ಕಟ್ ಮಾಡುವ 'ಮಿಸ್ಡ್ ಕಾಲ್' ಎಂಬ ಭಾಷೆಯನ್ನೇ ನಮ್ಮ ಜನ ಸೃಷ್ಟಿಸಿಕೊಂಡರು. ಒಂದು ಮಿಸ್ಡ್ ಕಾಲ್ ಎಂದರೆ 'ತಲುಪಿದೆ', ಎರಡು ಎಂದರೆ 'ಕೂಡಲೇ ಫೋನ್ ಮಾಡು'.

ಈ ಕಥೆಯ ಕೊಲ್ಲಿಯ ಅಧ್ಯಾಯವನ್ನು ಮಕ್ಕಳು ತಮ್ಮ ಹಿರಿಯರಿಂದ ಕೇಳಿ ತಿಳಿಯಬೇಕು. ದುಬೈ, ಅಬುಧಾಬಿ, ಶಾರ್ಜಾಗಳಿಗೆ ಮೊದಲು ಬಂದು ದುಡಿದ ಕರಾವಳಿಯ ತಲೆಮಾರಿಗೆ ಊರಿನ ಸುದ್ದಿ ಕಾಗದದಲ್ಲಿ ಬರುತ್ತಿತ್ತು. ಮಗು ಹುಟ್ಟಿದ ಸುದ್ದಿ ತಲುಪುವ ಹೊತ್ತಿಗೆ ಅಲ್ಲಿ ನಾಮಕರಣವೂ ಮುಗಿದಿರುತ್ತಿತ್ತು. ಬರೆಯಲು ಬಾರದವರು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತಮ್ಮ ಮಾತನ್ನು ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರು. ರಜೆಯ ದಿನ ಟೆಲಿಫೋನ್ ಬೂತಿನ ಮುಂದೆ ಸಾಲು ನಿಲ್ಲುತ್ತಿತ್ತು. ಆಚೆ ಕಡೆ, ಊರಿನಲ್ಲಿ, ಫೋನಿದ್ದ ಮನೆಗೆ ಹೆಂಡತಿ ಮಕ್ಕಳು ಬಂದು ಕಾದು ಕೂರುತ್ತಿದ್ದರು. ಕಾರ್ಡಿನಲ್ಲಿ ಹಣ ಮುಗಿಯುವ ಮೊದಲು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಬೇಕು. ಆ ಮೂರು ನಿಮಿಷಕ್ಕೆ ಎಷ್ಟು ಬೆಲೆ ಇತ್ತು ಎಂಬುದನ್ನು ನೆನಪಿಟ್ಟವರಿಗೆ ಮೊಬೈಲನ್ನು ಶಾಪ ಎನ್ನಲು ನಾಲಿಗೆ ಬಾರದು.

ವರವಾದದ್ದು ಎಲ್ಲಿ?

ಮೊದಲನೆಯ ಲಾಭ ಇದೇ. ಸಮುದ್ರದಾಚೆಯ ಅಪ್ಪನ ಮುಖವನ್ನು ಮಗು ದಿನವೂ ನೋಡುತ್ತದೆ. ಆಸ್ಪತ್ರೆಯಲ್ಲಿರುವ ಅಮ್ಮನೊಡನೆ ಮಗಳು ಇಲ್ಲಿಂದಲೇ ಮಾತನಾಡುತ್ತಾಳೆ. ತಂಗಿಯ ಮದುವೆಗೆ ರಜೆ ಸಿಗದ ಅಣ್ಣ, ಧಾರೆಯ ಹೊತ್ತಿಗೆ ಫೋನಿನಲ್ಲಿಯೇ ಮಂಟಪದ ಮುಂದೆ ಇರುತ್ತಾನೆ.

ಎರಡನೆಯದು, ಬಡವನ ದುಡಿಮೆಗೆ ಸಿಕ್ಕ ಬಲ. ನಮ್ಮ ನೆರೆಯ ಕೇರಳದ ಕರಾವಳಿಯಿಂದ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1997ರಿಂದ 2001ರ ಅವಧಿಯಲ್ಲಿ ಅಲ್ಲಿನ ಉತ್ತರದ ಜಿಲ್ಲೆಗಳಿಗೆ ಮೊಬೈಲ್ ಸೇವೆ ಹಂತಹಂತವಾಗಿ ಬಂತು. ಅದಕ್ಕೆ ಮುಂಚೆ ಬೂತಾಯಿ ಹಿಡಿದು ಬಂದ ಮೀನುಗಾರರು ತಮ್ಮೂರಿನ ದಡಕ್ಕೇ ದೋಣಿ ತರುತ್ತಿದ್ದರು. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮೀನನ್ನು ಮತ್ತೆ ಕಡಲಿಗೆ ಸುರಿಯಬೇಕಾಗುತ್ತಿತ್ತು. ಅದೇ ಹೊತ್ತಿಗೆ ಕೆಲವೇ ಮೈಲಿ ದೂರದ ದಡದಲ್ಲಿ ಮೀನಿಲ್ಲದೆ ಗಿರಾಕಿಗಳು ಬರಿಗೈಯಲ್ಲಿ ಹಿಂತಿರುಗುತ್ತಿದ್ದರು. ಮೊಬೈಲು ಬಂದ ಮೇಲೆ ದೋಣಿಯಿಂದಲೇ ಕರೆ ಮಾಡಿ, ಬೇಡಿಕೆ ಇರುವ ದಡಕ್ಕೆ ಹೋಗತೊಡಗಿದರು. ಮೀನು ವ್ಯರ್ಥವಾಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತಿದು. ಇಲ್ಲಿ ಕೆಲಸ ಮಾಡಿದ್ದು ಆಟವಲ್ಲ, ಚಿತ್ರವಲ್ಲ. 'ನಿಮ್ಮಲ್ಲಿ ಇವತ್ತು ದರ ಎಷ್ಟು?' ಎಂಬ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ.

ಮೂರನೆಯದು, ಆಪತ್ಕಾಲ. ಯು.ಎ.ಇ.ಯಲ್ಲಿ ಪೊಲೀಸರಿಗೆ 999, ಆಂಬ್ಯುಲೆನ್ಸಿಗೆ 998, ಅಗ್ನಿಶಾಮಕ ದಳಕ್ಕೆ 997. ಭಾರತದಲ್ಲಿ ಎಲ್ಲಕ್ಕೂ ಒಂದೇ ಸಂಖ್ಯೆ 112. ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ನಾಲ್ಕು ಸಂಖ್ಯೆಗಳು ಬಾಯಿಪಾಠವಾಗಿರಬೇಕು. ಫೋನಿನಲ್ಲಿ ನೂರು ಆಟಗಳಿದ್ದು ಇವು ಗೊತ್ತಿಲ್ಲದಿದ್ದರೆ ಆ ಫೋನು ಇದ್ದೂ ಇಲ್ಲದಂತೆ.

ನಾಲ್ಕನೆಯದು, ವಿದ್ಯೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಇಲ್ಲಿನ ಶಾಲೆಗಳು ಮುಚ್ಚಿದಾಗ ಪಾಠ ನಿಲ್ಲದಂತೆ ಕಾಪಾಡಿದ್ದು ಕಂಪ್ಯೂಟರ್ ಮತ್ತು ಮೊಬೈಲು. ಆದರೆ ಆ ವರ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. 2021ರ ಜೂನಿನಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲೂಕಿನ ಹಳ್ಳಿಯೊಂದರಿಂದ ಬಂದ ಚಿತ್ರ ಹಲವರಿಗೆ ನೆನಪಿರಬಹುದು. ಮನೆಯಲ್ಲಿ ಸಿಗ್ನಲ್ ಸಿಗದೆ ರಸ್ತೆಯ ಬದಿಗೆ ಬಂದು ಕುಳಿತು ಪಾಠ ಕೇಳುತ್ತಿರುವ ಹುಡುಗಿ. ಸುರಿಯುವ ಮಳೆಯಲ್ಲಿ ಅವಳ ಮೇಲೆ ಕೊಡೆ ಹಿಡಿದು ನಿಂತ ತಂದೆ. ಇಲ್ಲಿ ತಂಪಾದ ಕೋಣೆಯಲ್ಲಿ ಕುಳಿತು, ತರಗತಿಯ ನಡುವೆಯೇ ಇನ್ನೊಂದು ಕಿಟಕಿ ತೆರೆದು ಆಟವಾಡುವ ಮಕ್ಕಳು ಆ ಕೊಡೆಯನ್ನು ನೆನೆಯಬೇಕು.

ಇನ್ನೂ ಇವೆ. 2016ರಲ್ಲಿ ಯುಪಿಐ ಬಂದ ಮೇಲೆ ಊರಿನ ಎಳನೀರು ಅಂಗಡಿಯಲ್ಲಿಯೂ ಚಿಲ್ಲರೆಯ ಜಗಳವಿಲ್ಲ. ಕಣ್ಣು ಕಾಣದವರಿಗೆ ಪರದೆಯ ಮೇಲಿನ ಅಕ್ಷರವನ್ನು ಫೋನು ಕನ್ನಡದಲ್ಲಿಯೇ ಓದಿ ಹೇಳುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ 'ಭಾರತವಾಣಿ'ಯಿಂದ ಕನ್ನಡದ ನಿಘಂಟುಗಳು ಅಂಗೈಗೆ ಬಂದಿವೆ. ಹೊರನಾಡಿನಲ್ಲಿ ಕನ್ನಡ ಪುಸ್ತಕದ ಅಂಗಡಿ ಎಲ್ಲಿದೆ ಎಂದು ಹುಡುಕಬೇಕಾದ ನಮಗೆ ಇದು ಸಣ್ಣ ಸಂಗತಿಯಲ್ಲ.

ಶಾಪವಾಗುತ್ತಿರುವುದು ಎಲ್ಲಿ?

1992ರ ಡಿಸೆಂಬರಿನಲ್ಲಿ ಮೊದಲ ಎಸ್‌ಎಂಎಸ್ ಹೋಯಿತು. ಅಂದು ಫೋನು ಮಾತಿಲ್ಲದೆಯೂ ಕೆಲಸ ಮಾಡಲು ಕಲಿಯಿತು. 2007ರಲ್ಲಿ ಐಫೋನ್, ಅದರ ಬೆನ್ನಲ್ಲೇ ಆಂಡ್ರಾಯ್ಡ್ ಫೋನುಗಳು ಬಂದವು. ಅಲ್ಲಿಂದ ಫೋನು ಕಿವಿಯಿಂದ ಇಳಿದು ಕಣ್ಣಿನ ಮುಂದೆ ಬಂದು ನಿಂತಿತು. ಇಂದು ನಮ್ಮ ಕೈಯಲ್ಲಿರುವುದು ಕ್ಯಾಮೆರಾ, ಸಿನಿಮಾ ಮಂದಿರ, ಆಟದ ಅಂಗಡಿ, ಬ್ಯಾಂಕು ಎಲ್ಲವೂ ಸೇರಿದ ಒಂದು ಪೆಟ್ಟಿಗೆ. ಅದರಲ್ಲಿ ಮಾತು ಒಂದು ಮೂಲೆಯಲ್ಲಿದೆ.

ಇದರ ಮೊದಲ ಪೆಟ್ಟು ಬಿದ್ದದ್ದು ಮನೆಯ ಮಾತಿಗೆ. ರಾತ್ರಿ ಊಟದ ಹೊತ್ತಿಗೆ ನಮ್ಮ ಫ್ಲ್ಯಾಟುಗಳ ಒಳಗೆ ಇಣುಕಿ ನೋಡಿ. ನಾಲ್ಕು ಜನ, ನಾಲ್ಕು ತಟ್ಟೆ, ನಾಲ್ಕು ಪರದೆ. ಅಪ್ಪನಿಗೆ ಕಚೇರಿಯ ಸಂದೇಶ, ಅಮ್ಮನಿಗೆ ಸಂಬಂಧಿಕರ ಗ್ರೂಪು, ಮಗನಿಗೆ ಆಟ, ಮಗಳಿಗೆ ರೀಲು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುವವರಿಲ್ಲ, ಕೇಳಿದರೆ ಉತ್ತರಿಸುವವರಿಲ್ಲ. ಎರಡು ಸಾವಿರ ಕಿಲೋಮೀಟರ್ ದೂರವನ್ನು ಇಲ್ಲವಾಗಿಸಿದ ಯಂತ್ರವೇ ಎರಡು ಅಡಿ ದೂರದವರನ್ನು ಪರದೇಶಿಗಳನ್ನಾಗಿ ಮಾಡಿದೆ.

ಎರಡನೆಯದು, ಮಕ್ಕಳ ಆರೋಗ್ಯ ಮತ್ತು ಏಕಾಗ್ರತೆ. ಊರಿನ ಮಕ್ಕಳಿಗೆ ಅಂಗಳವಾದರೂ ಇದೆ. ಇಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹಗಲು ಹೊರಗೆ ಕಾಲಿಡಲಾಗದ ಬಿಸಿಲು. ನಾಲ್ಕು ಗೋಡೆಗಳ ನಡುವೆ ಉಳಿದ ಮಗುವಿಗೆ ಮೊಬೈಲೇ ಅಂಗಳ, ಮೊಬೈಲೇ ಗೆಳೆಯ. ಹೊರಗಿನ ಬೆಳಕಿನಲ್ಲಿ ಆಡುವುದು ಕಡಿಮೆಯಾದಷ್ಟೂ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಊಟ ಮಾಡಿಸಲು ಕೂಸಿನ ಕೈಗೆ ಮೊಬೈಲು ಕೊಡುವ ತಾಯಂದಿರು, ಅಳು ನಿಲ್ಲಿಸಲು ಕೊಡುವ ತಂದೆಯರು ಇದನ್ನು ಗಮನಿಸಬೇಕು. ಹಿಂದೆ ಚಂದಮಾಮನನ್ನು ತೋರಿಸಿ, ಗುಬ್ಬಚ್ಚಿಯ ಕಥೆ ಹೇಳಿ ತುತ್ತು ಕೊಡುತ್ತಿದ್ದರು. ಆ ತುತ್ತಿನ ಜೊತೆಗೆ ಮಗುವಿನ ಹೊಟ್ಟೆಗೆ ಮಾತೂ ಇಳಿಯುತ್ತಿತ್ತು.

ಶಾಲೆಯ ವಿಷಯಕ್ಕೆ ಬಂದರೆ, ಮೊಬೈಲಿನಿಂದ ಚದುರಿದ ಮನಸ್ಸು ಮತ್ತೆ ಪಾಠದಲ್ಲಿ ನೆಲೆಗೊಳ್ಳಲು 20 ನಿಮಿಷಗಳವರೆಗೆ ಬೇಕಾಗಬಹುದು ಎಂದು ಯುನೆಸ್ಕೋದ 2023ರ ಶಿಕ್ಷಣ ವರದಿ ಹೇಳಿದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಬಾರಿ ಮೊಬೈಲು ಇಣುಕಿದರೆ ಅರ್ಧ ಪಾಠ ಹೋದಂತೆ! ಫ್ರಾನ್ಸ್ 2018ರಲ್ಲಿ ಕಾನೂನು ಮಾಡಿ ಶಾಲೆಗಳಲ್ಲಿ ಮಕ್ಕಳ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ.

ಮೂರನೆಯದು, ಯೋಚಿಸದೆ ಮುಂದೂಡುವ ಸಂದೇಶಗಳು. ಇದನ್ನು 'ಏನೋ ಒಂದು ಫಾರ್ವರ್ಡ್' ಎಂದು ನಾವು ಹಗುರವಾಗಿ ನೋಡುತ್ತೇವೆ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ನಡೆದದ್ದನ್ನು ಕೊಲ್ಲಿಯ ಪ್ರತಿ ಕುಟುಂಬವೂ ತಿಳಿದಿರಬೇಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರ ಗುಂಪೊಂದು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಅವರಲ್ಲೊಬ್ಬರು ಕತಾರಿನವರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಆಗ ದೇಶದ ಹಲವೆಡೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿತ್ತು. ಇವರ ಮೇಲೂ ಅದೇ ಅನುಮಾನ ಹುಟ್ಟಿ, ಸಂದೇಶ ಕಾರಿಗಿಂತ ವೇಗವಾಗಿ ಮುಂದಿನ ಊರಿಗೆ ಓಡಿತು. ಅಲ್ಲಿ ಜನ ದಾರಿ ಅಡ್ಡಗಟ್ಟಿ ಥಳಿಸಿದರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ಉಳಿದವರೂ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ರಜೆಗೆ ಊರಿಗೆ ಹೋಗುವಾಗ ನಾವೆಲ್ಲರೂ ಚಾಕಲೇಟು ಒಯ್ಯುವವರೇ. ಕಂಡ ಮಕ್ಕಳಿಗೆ ಕೊಡುವವರೇ. 'ನೀವು ಯಾರು? ಎಲ್ಲಿಂದ ಬಂದಿರಿ?' ಎಂದು ನಿಂತು ಕೇಳುವ ತಾಳ್ಮೆ ಆ ದಿನ ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಬೆರಳು ಓಡಿತು, ಮಾತು ನಡೆಯಲಿಲ್ಲ. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟುಗಳಿಗಷ್ಟೇ ಮುಂದೂಡುವ ಮಿತಿಯನ್ನು ಘೋಷಿಸಿತು. ಯು.ಎ.ಇ.ಯ 2021ರ ಸೈಬರ್ ಕಾನೂನಿನಡಿ ಸುಳ್ಳು ಸುದ್ದಿ ಹರಡುವುದೂ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತರುವುದೂ ಅಪರಾಧ. 'ತಮಾಷೆಗೆ ಮಾಡಿದೆ' ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ನಾಲ್ಕನೆಯದು, ವಂಚನೆ. ಬ್ಯಾಂಕಿನವರೆಂದು ಹೇಳಿ ಓಟಿಪಿ ಕೇಳುವವರು, ಪೊಲೀಸ್ ವೇಷ ಹಾಕಿ ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರು ಹೆಚ್ಚಾಗಿ ಗುರಿಯಿಡುವುದು ಊರಿನಲ್ಲಿ ಒಂಟಿಯಾಗಿರುವ ಹಿರಿಯರ ಮೇಲೆ. ಭಾರತದ ಕಾನೂನಿನಲ್ಲಿ ಹಾಗೆ ಫೋನಿನಲ್ಲಿ ಬಂಧಿಸುವ ಕ್ರಮವೇ ಇಲ್ಲ. ಮಕ್ಕಳೇ, ಮುಂದಿನ ಬಾರಿ ಅಜ್ಜನೊಡನೆ ಮಾತನಾಡುವಾಗ ಇದನ್ನು ನೀವೇ ತಿಳಿಸಿ ಹೇಳಿ. 'ಯಾರಿಗೂ ಓಟಿಪಿ ಹೇಳಬೇಡಿ, ಯಾರಾದರೂ ಹೆದರಿಸಿದರೆ ಫೋನ್ ಕಟ್ ಮಾಡಿ ಮೊದಲು ಅಪ್ಪನಿಗೆ ತಿಳಿಸಿ, ಮೋಸ ಹೋದರೆ 1930ಕ್ಕೆ ಕರೆ ಮಾಡಿ' ಎಂದು ಕಲಿಸಿ. ಅಜ್ಜನಿಗೆ ಪಾಠ ಹೇಳುವ ಅವಕಾಶ ದಿನವೂ ಸಿಗುವುದಿಲ್ಲ!

ಐದನೆಯದು, ರಸ್ತೆ. ವಾಹನ ಚಲಾಯಿಸುವಾಗ ಮೊಬೈಲ್ ಹಿಡಿದರೆ ಯು.ಎ.ಇ.ಯಲ್ಲಿ 800 ದಿರ್ಹಮ್ ದಂಡ ಮತ್ತು ನಾಲ್ಕು ಕಪ್ಪು ಅಂಕಗಳು. ದಂಡಕ್ಕಿಂತ ದೊಡ್ಡ ಮಾತು, ಹಿಂದಿನ ಸೀಟಿನಲ್ಲಿ ಕುಳಿತ ಮಗು ಅದನ್ನು ನೋಡುತ್ತಿರುತ್ತದೆ ಎಂಬುದು.

ಕೆಲವು ಹೆದರಿಕೆಗಳ ಬಗ್ಗೆ

ಮೊಬೈಲಿನ ವಿರುದ್ಧ ಮಾತನಾಡುವಾಗಲೂ ನ್ಯಾಯ ತಪ್ಪಬಾರದು. 'ಮೊಬೈಲಿನಿಂದ ಮೆದುಳಿನ ಕ್ಯಾನ್ಸರ್ ಬರುತ್ತದೆ', 'ಟವರಿನಿಂದ ಗುಬ್ಬಚ್ಚಿಗಳು ಸತ್ತವು' ಎಂದು ಅನೇಕ ಪ್ರಬಂಧಗಳಲ್ಲಿ ಓದುತ್ತೇವೆ. ಮೊಬೈಲು ಸೂಸುವ ರೇಡಿಯೋ ತರಂಗಗಳನ್ನು ಕ್ಯಾನ್ಸರಿಗೆ ಕಾರಣ 'ಆಗಿರಬಹುದಾದ' ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2011ರಲ್ಲಿ ಸೇರಿಸಿದ್ದು ನಿಜ. ಆದರೆ ಅದೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ. ಗುಬ್ಬಚ್ಚಿಯ ಮೇಲಿನ ಆರೋಪವೂ ಸಾಬೀತಾಗಿಲ್ಲ. ಹೆಂಚಿನ ಮನೆಗಳು ಹೋಗಿ ಗೂಡಿಗೆ ಜಾಗವಿಲ್ಲದಂತಾದದ್ದು, ಮರಿಗಳಿಗೆ ಬೇಕಾದ ಹುಳುಹುಪ್ಪಟೆಗಳು ಕಡಿಮೆಯಾದದ್ದು ಇಂಥ ಕಾರಣಗಳನ್ನು ಪಕ್ಷಿತಜ್ಞರು ಮುಂದಿಡುತ್ತಾರೆ. ಕಾಣದ ತರಂಗಕ್ಕೆ ಹೆದರುವ ನಾವು, ಕಣ್ಣೆದುರಿಗೇ ಮನೆಯ ಮಾತು ಒಣಗುತ್ತಿರುವುದಕ್ಕೆ ಹೆದರದಿರುವುದು ಸೋಜಿಗ.

ಅಜ್ಜಿಯ ಜೊತೆ ಎರಡು ನಿಮಿಷ

ಹೊರನಾಡಿನ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಅರಬ್ಬಿ ಇದೆ. ಮನೆಮಾತು ಕನ್ನಡವೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ ಆಗಿರಲಿ, ಅದಕ್ಕೆ ಇಲ್ಲಿ ಇರುವುದು ಎರಡೇ ತರಗತಿಗಳು. ಒಂದು ಅಡುಗೆಮನೆ, ಇನ್ನೊಂದು ಊರಿನಿಂದ ಬರುವ ಫೋನು. ಹಿಂದಿನ ಮೂರು ನಿಮಿಷದ ಕರೆಯಲ್ಲಿ ಮಾತು ತುಂಬಿ ತುಳುಕುತ್ತಿತ್ತು. ಇಂದು ಗಂಟೆಗಟ್ಟಲೆ ಮಾತನಾಡಿದರೂ ಹೆಚ್ಚು ಖರ್ಚಿಲ್ಲ. ಆದರೆ ನಡೆಯುವುದೇನು? 'ಬಾ, ಅಜ್ಜಿಗೆ ಹಾಯ್ ಹೇಳು' ಎಂದು ಅಮ್ಮ ಕರೆಯುತ್ತಾಳೆ. ಮಗು ಮುಖ ತೋರಿಸುತ್ತದೆ. 'ಊಟ ಆಯಿತಾ ಮಗಾ?' 'ಆಯಿತು.' 'ಶಾಲೆ ಹೇಗಿದೆ?' 'ಫೈನ್.' ಅಲ್ಲಿಗೆ ಮುಗಿಯಿತು. ಉಳಿದ ದಿನಗಳಲ್ಲಿ ಹೂವಿನ ಚಿತ್ರದ 'ಶುಭೋದಯ', ಹಬ್ಬಕ್ಕೊಂದು ದೀಪದ ಚಿತ್ರ, ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ. ಅಜ್ಜಿ ಆ ಚಿತ್ರವನ್ನು ನೋಡಿ ಸುಮ್ಮನಾಗುತ್ತಾಳೆ. ಅವಳಿಗೆ ಬೇಕಾದದ್ದು ದನಿ.

ಎಷ್ಟೋ ಮನೆಗಳಲ್ಲಿ ಕನ್ನಡ ಕೈತಪ್ಪುತ್ತಿರುವುದು ಹೀಗೆಯೇ. ಮಗುವಿಗೆ ಕನ್ನಡ ಬೇಡವಾಗಿದೆ ಎಂದಲ್ಲ. ಎರಡು ನಿಮಿಷದ ಆಚೆಗೆ ಹೋಗುವಷ್ಟು ಮಾತು ಅದಕ್ಕೆ ಸಿಗುತ್ತಿಲ್ಲ. ಹಾಗಾಗಿ ಮಕ್ಕಳೇ, ಅಜ್ಜಿಗೆ ಉತ್ತರ ಕೊಡುವುದಷ್ಟೇ ಅಲ್ಲ, ಅಜ್ಜಿಗೆ ಪ್ರಶ್ನೆ ಕೇಳಿ. ಕೊಟ್ಟೆ ಕಡುಬಿಗೆ ಹಲಸಿನ ಎಲೆಯನ್ನು ಹೇಗೆ ಹೆಣೆಯುತ್ತೀರಿ? ನೀವು ಶಾಲೆಗೆ ಹೋಗುವಾಗ ಹೊಳೆ ದಾಟುತ್ತಿದ್ದಿರಾ? ಅಪ್ಪ ಸಣ್ಣವನಿದ್ದಾಗ ಏನು ತುಂಟತನ ಮಾಡುತ್ತಿದ್ದ? ಈ ಕೊನೆಯ ಪ್ರಶ್ನೆಗೆ ಉತ್ತರ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ! ಅಜ್ಜಿಯ ಒಪ್ಪಿಗೆ ಪಡೆದು ಅದನ್ನು ಫೋನಿನಲ್ಲಿಯೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಿಂದಿನವರ ಕ್ಯಾಸೆಟ್ಟುಗಳು ಹಾಳಾಗಿ ಹೋದವು. ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಸಾಧನವಿದೆ. ಒಂದು ವಿಷಯ ನೆನಪಿರಲಿ. ಇಲ್ಲಿ ರಾತ್ರಿ ಎಂಟು ಗಂಟೆಯಾದಾಗ ಊರಿನಲ್ಲಿ ಒಂಬತ್ತೂವರೆ, ಹಿರಿಯರು ಮಲಗುವ ಹೊತ್ತು. ಸಂಜೆ ಐದು, ಆರು ಗಂಟೆಗೆ ಫೋನ್ ಮಾಡಿದರೆ ಅವರೂ ನೆಮ್ಮದಿಯಾಗಿ ಮಾತನಾಡುತ್ತಾರೆ.

ಪೋಷಕರಿಗೊಂದು ಮಾತು

ಮಕ್ಕಳಿಗೆ ಮೊಬೈಲನ್ನು ಪೂರ್ತಿ ನಿಷೇಧಿಸಿಬಿಡಬೇಕು ಎನ್ನುವ ಪೋಷಕರಿದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. ತರಗತಿಯ ಒಳಗೆ ನಿಷೇಧ ಸರಿ. ಅಲ್ಲಿ ಶಿಕ್ಷಕರ ಮಾತು ನಡೆಯುತ್ತಿರುತ್ತದೆ. ಆದರೆ ಮನೆಯಲ್ಲಿ ಪೂರ್ತಿ ನಿಷೇಧ ಹೇರಿದರೆ ಮಗು ಅದನ್ನು ಗೆಳೆಯನ ಮನೆಯಲ್ಲಿ, ಹೊದಿಕೆಯ ಒಳಗೆ, ಕದ್ದು ನೋಡಲು ಕಲಿಯುತ್ತದೆ. ಕದ್ದು ನೋಡುವ ಮಗು ಅಲ್ಲಿ ಏನಾದರೂ ತೊಂದರೆಗೆ ಸಿಕ್ಕಿಕೊಂಡರೆ ನಮ್ಮ ಬಳಿ ಬಂದು ಹೇಳುವುದಿಲ್ಲ. ಅಲ್ಲಿಯೂ ಹೋದದ್ದು ಮಾತೇ. ಬೇರೆ ಕೆಲವರು 'ಕಾಲ ಬದಲಾಗಿದೆ, ಎಲ್ಲರ ಬಳಿಯೂ ಇದೆ' ಎಂದು ಹತ್ತನೇ ವರ್ಷಕ್ಕೇ ಸ್ವಂತ ಫೋನು ಕೊಡಿಸಿ ಕೈ ತೊಳೆದುಕೊಳ್ಳುತ್ತಾರೆ. ಇದೂ ಸರಿಯಲ್ಲ. ಈಜು ಬಾರದವನನ್ನು ಕೆರೆಯ ಹತ್ತಿರ ಬಿಡದಿರುವುದೂ ತಪ್ಪು, ಒಮ್ಮೆಲೇ ನಡುಕೆರೆಗೆ ನೂಕುವುದೂ ತಪ್ಪು.

ಹಿಂದೆ ಫೋನು ಮನೆಯದಾಗಿತ್ತು. ಹಾಲಿನಲ್ಲಿ ಗಂಟೆ ಬಾರಿಸಿದರೆ ಯಾರಾದರೊಬ್ಬರು ಎತ್ತುತ್ತಿದ್ದರು. ಯಾರ ಫೋನು, ಏನು ಸುದ್ದಿ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಈಗ ಫೋನು ಅವರವರ ಕೈಯದಾಗಿದೆ. ಮಕ್ಕಳು ಹೈಸ್ಕೂಲು ಮುಗಿಸುವವರೆಗಾದರೂ ಅದನ್ನು ಮತ್ತೆ ಮನೆಯದನ್ನಾಗಿ ಮಾಡೋಣ ಎಂಬುದು ನನ್ನ ಸಲಹೆ. ಮಕ್ಕಳು ಬಳಸುವ ಫೋನು ಮನೆಯ ಆಸ್ತಿಯಾಗಿರಲಿ, ಹಾಲಿನಲ್ಲಿ ಎಲ್ಲರ ನಡುವೆ ಬಳಸಲಿ. ರಾತ್ರಿ ಮನೆಯ ಎಲ್ಲ ಫೋನುಗಳೂ ಹಾಲಿನ ಒಂದೇ ಕಡೆ ಚಾರ್ಜಿಗೆ ಇರಲಿ, ಮಲಗುವ ಕೋಣೆಗೆ ಹೋಗದಿರಲಿ. ಊಟದ ಮೇಜಿಗೆ ಯಾರ ಫೋನೂ ಬರದಿರಲಿ.

'ಎಲ್ಲ ಫೋನುಗಳೂ', 'ಯಾರ ಫೋನೂ' ಎಂದು ಬೇಕೆಂದೇ ಬರೆದಿದ್ದೇನೆ. ಅದರಲ್ಲಿ ಅಪ್ಪ ಅಮ್ಮಂದಿರ ಫೋನೂ ಸೇರಿದೆ. ಮನೆಯೇ ಮೊದಲ ಪಾಠಶಾಲೆ ಎನ್ನುತ್ತೇವೆ. ಆ ಪಾಠಶಾಲೆಯಲ್ಲಿ ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಕಲಿಯುವುದು ಹೆಚ್ಚು. ಒಂದು ಕೈಯಲ್ಲಿ ಮೊಬೈಲು ತೀಡುತ್ತಾ, ಇನ್ನೊಂದು ಕೈಯಿಂದ 'ಓದು ಹೋಗು' ಎಂದು ತೋರಿಸಿದರೆ ಮಗು ಯಾವ ಕೈಯನ್ನು ನೋಡುತ್ತದೆ? ಮಗಳು ಶಾಲೆಯಿಂದ ಬಂದು 'ಇವತ್ತು ಏನಾಯಿತು ಗೊತ್ತಾ?' ಎಂದಾಗ ಪರದೆಯಿಂದ ಕಣ್ಣು ತೆಗೆಯದೆ 'ಹ್ಞೂಂ, ಹೇಳು' ಎಂದರೆ ಅವಳು ನಾಲ್ಕು ದಿನ ಹೇಳುತ್ತಾಳೆ, ಐದನೆಯ ದಿನ ನಿಲ್ಲಿಸುತ್ತಾಳೆ. ಹದಿನೈದನೇ ವಯಸ್ಸಿನಲ್ಲಿ 'ಇವಳು ನಮ್ಮೊಡನೆ ಮಾತೇ ಆಡುವುದಿಲ್ಲ' ಎಂದು ದೂರುವ ಮುನ್ನ, ಅವಳ ಮಾತು ಯಾವಾಗ ನಿಂತಿತು ಎಂದು ಲೆಕ್ಕ ಹಾಕಬೇಕು.

ಶಾಲೆಗಳೂ ಒಂದಿಷ್ಟು ಯೋಚಿಸಲಿ. 'ಮಕ್ಕಳಿಗೆ ಮೊಬೈಲ್ ಕೊಡಬೇಡಿ' ಎಂದು ಪೋಷಕರ ಸಭೆಯಲ್ಲಿ ಹೇಳಿ, ಅದೇ ಸಂಜೆ ಮನೆಗೆಲಸವನ್ನು ಮೊಬೈಲಿಗೇ ಕಳುಹಿಸಿದರೆ ಮಗು ಏನು ಮಾಡಬೇಕು? ಡೈರಿಯಲ್ಲಿ ಬರೆಸಬಹುದಾದ ನಾಲ್ಕು ಸಾಲನ್ನು ಡೈರಿಯಲ್ಲಿಯೇ ಬರೆಸಿದರೆ ಕೈಬರಹವೂ ಸುಧಾರಿಸುತ್ತದೆ.

ವಿದ್ಯಾರ್ಥಿಗಳಿಗೊಂದು ಮಾತು

ಪ್ರಿಯ ವಿದ್ಯಾರ್ಥಿಗಳೇ, ಮೊಬೈಲು ನಿಮ್ಮ ಶತ್ರುವಲ್ಲ. ಅದನ್ನು ಕಂಡುಹಿಡಿದವರು, ಕಟ್ಟಿದವರು ನಿಮ್ಮ ಹಾಗೆಯೇ ವಿಜ್ಞಾನ ಓದಿದವರು. ನಾಳೆ ಅದಕ್ಕಿಂತ ಒಳ್ಳೆಯದನ್ನು ನೀವೂ ಕಟ್ಟಬಹುದು. ಆದರೆ ಒಂದು ಸಣ್ಣ ಪರೀಕ್ಷೆಯನ್ನು ನಿಮಗೆ ನೀವೇ ಮಾಡಿಕೊಳ್ಳಿ. ಫೋನನ್ನು ಕೆಳಗಿಡುವಾಗ ಪ್ರತಿ ಸಲ ಕೇಳಿಕೊಳ್ಳಿ: ಇಷ್ಟು ಹೊತ್ತು ನಾನು ಯಾರೊಡನೆ ಮಾತನಾಡಿದೆ? ಏನು ಕಲಿತೆ? ಯಾರಿಗೆ ಉಪಕಾರ ಮಾಡಿದೆ? ಮೂರರಲ್ಲಿ ಒಂದಕ್ಕಾದರೂ ಉತ್ತರ ಸಿಕ್ಕರೆ ಆ ಹೊತ್ತು ಸಾರ್ಥಕ. ಒಂದಕ್ಕೂ ಸಿಗದಿದ್ದರೆ ನೀವು ಫೋನನ್ನು ಬಳಸಲಿಲ್ಲ, ಫೋನು ನಿಮ್ಮನ್ನು ಬಳಸಿಕೊಂಡಿತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಊಟವೂ ಮಾತೂ ಒಂದೇ ಗಾದೆಯಲ್ಲಿ ಬಂದಿರುವುದು ಸುಮ್ಮನೆ ಅಲ್ಲ. ನಮ್ಮ ಮನೆಗಳಲ್ಲಿ ಇವೆರಡೂ ಯಾವಾಗಲೂ ಒಟ್ಟಿಗೇ ನಡೆದವು. ಇವತ್ತಿನ ಮಟ್ಟಿಗೆ ಇಷ್ಟು ಸಾಕು: ಈ ರಾತ್ರಿ ಫೋನುಗಳನ್ನು ಹಾಲಿನಲ್ಲಿ ಬಿಟ್ಟು ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂಬಲ್ಲಿಂದಲೇ ಮಾತು ಶುರುವಾಗಲಿ.